ನಮ್ಮೂರ ನರಸಿಂಹರಾಜು ಮತ್ತು ನನ್ನ ಎರಡು ಹಲ್ಲು

ಓದುಗ ಮಿತ್ರರೆ, ಮೊದಲೇ ಒಂದು ಗುಟ್ಟು ಹೇಳಿಬಿಡುತ್ತೇನೆ. ನನ್ನ ಬಾಯಲ್ಲಿರುವ ಮುಂದಿನ ಎರಡು ಹಲ್ಲು ನನ್ನವಲ್ಲ! ಹುಟ್ಟಿನಿಂದ ಬಂದಿದ್ದ ಉಬ್ಬುಹಲ್ಲುಗಳನ್ನು 1986ರಲ್ಲಿ, ಹೆಣ್ಣು ನೋಡಲು ಹೋಗುವುದಕ್ಕೆ ಮೂರು ತಿಂಗಳ ಮುಂಚೆ, ಬೆಂಗಳೂರಿನಲ್ಲಿ ಕೀಳಿಸಿದೆ. ಅವುಗಳ ಜಾಗಕ್ಕೆ ತೆಗೆದು ಹಾಕುವ ಹಲ್ಲು ಕಟ್ಟಿಸಿಕೊಂಡೆ. ಈಗ ಇರುವುದು ಮೂರನೇ ಜೊತೆ. ಹೆಂಡತಿಗೆ ಗೊತ್ತು, ಮಕ್ಕಳಿಗೆ ಗೊತ್ತು, ಈಗ ನಿಮಗೂ ಗೊತ್ತಾಯಿತು.

ಸಿನಿಮಾ ಪತ್ರಿಕೆಯಲ್ಲಿ ಹಲ್ಲಿನ ಪುರಾಣ ಯಾಕಪ್ಪಾ ಎಂದು ಪುಟ ತಿರುಗಿಸಬೇಡಿ. ನಾನು ತಿಪಟೂರಿನವನು. ಅಷ್ಟು ಹೇಳಿದರೆ ಹಳೆಯ ಅಭಿಮಾನಿಗಳು ಅರ್ಧ ಕಥೆಯನ್ನು ತಾವೇ ಊಹಿಸಿಕೊಳ್ಳುತ್ತಾರೆ. ಹೌದು, ಹಾಸ್ಯ ಚಕ್ರವರ್ತಿ ನರಸಿಂಹರಾಜು ಅವರ ತಿಪಟೂರು!

ಅವರು ಹುಟ್ಟಿದ್ದು 1923ರಲ್ಲಿ. 2023ಕ್ಕೆ ನೂರು ತುಂಬಿತು. ಆ ನೆಪದಲ್ಲಿ ನಮ್ಮ ಬೀದಿಯ ಏಳೆಂಟು ಹುಡುಗರು ಸೇರಿಕೊಂಡು, ಮೂರು ದಿನ ಅವರ ಮೂರು ಚಿತ್ರ ತೋರಿಸುತ್ತೇವೆ ಎಂದು ಹೊರಟರು. ದೊಡ್ಡವರ ಬೆಂಬಲವಿಲ್ಲ, ಮಂತ್ರಿಗಳ ಭಾಷಣವಿಲ್ಲ. ಒಂದು ಸಮುದಾಯ ಭವನ, ಬಾಡಿಗೆ ಕುರ್ಚಿ, ಒಂದು ಬಿಳಿ ಪರದೆ. ನನಗೆ ಫೋನು ಬಂತು. "ಅಂಕಲ್, ನೀವು ಬೆಂಗಳೂರಲ್ಲಿ ಪ್ರೆಸ್ಸಿನಲ್ಲಿ ಇದ್ದೋರು. ಹಳೇ ಸಿನಿಮಾ ವಿಷ್ಯ ನಿಮಗೆ ಗೊತ್ತು. ಬಂದು ನಾಕು ಮಾತಾಡಿ" ಎಂದರು.

ಹೋಗಲೋ ಬೇಡವೋ ಎಂದು ಒಂದು ವಾರ ಒದ್ದಾಡಿದೆ. ಯಾಕೆ ಗೊತ್ತೆ? ಆ ಹೆಸರು ಕೇಳಿದರೆ ಐವತ್ತು ವರ್ಷ ನನಗೆ ಮೈ ಉರಿಯುತ್ತಿತ್ತು!

ಹಲ್ರಾಜ

ನಮ್ಮೂರು ಕೊಬ್ಬರಿಯ ಊರು. ಕಾಯಿ ಸುಮಾರು ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂತು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಲೊಡಲೊಡ ಎಂದಾಗ ಉಂಡೆ ಕೊಬ್ಬರಿ ಆಯಿತು ಎಂದು ಲೆಕ್ಕ. ಅಂಥ ಕೊಬ್ಬರಿ ಮೂಟೆಗಳನ್ನು ಹೊರುವ ಹಮಾಲಿ ನಮ್ಮಪ್ಪ. ಮಾತು ಕಡಿಮೆ, ನಗುವಂತೂ ಇಲ್ಲವೇ ಇಲ್ಲ. ಸಂಜೆ ಬಂದು ಗೋಡೆಗೆ ಬೆನ್ನು ಒತ್ತಿ ಕೂತರೆ ಅವ್ವ ಬಿಸಿನೀರಿನ ಬಟ್ಟೆ ಹಿಂಡಿ ಕೊಡುತ್ತಿದ್ದಳು.

1971ರಲ್ಲಿ ನನಗೆ ಹತ್ತು ವರ್ಷ. ಊರಾಚೆ ಟೂರಿಂಗ್ ಟಾಕೀಸಿನಲ್ಲಿ 'ಸತ್ಯ ಹರಿಶ್ಚಂದ್ರ' ಬಂದಿತ್ತು. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದ. ನೆಲದ ಟಿಕೆಟು. ಹರಿಶ್ಚಂದ್ರನಾಗಿ ಅಣ್ಣಾವ್ರು, ಚಂದ್ರಮತಿಯಾಗಿ ಪಂಢರೀಬಾಯಿ, ವಿಶ್ವಾಮಿತ್ರನಾಗಿ ಉದಯಕುಮಾರ್. ಜನ ಕೈ ಮುಗಿದು ನೋಡುತ್ತಿದ್ದರು. ಅಷ್ಟರಲ್ಲಿ ಸಾಲ ವಸೂಲಿಗೆಂದು ರಾಜನ ಬೆನ್ನು ಹತ್ತಿದ ನಕ್ಷತ್ರಿಕ ಬಂದ ನೋಡಿ... ಸಣಕಲು ಮೈ, ಮುಂದಕ್ಕೆ ಬಂದ ಹಲ್ಲು. ಟೆಂಟಿಗೆ ಟೆಂಟೇ ಎದ್ದು ಕೂತಿತು. "ಬಂದ ಕಣ್ಲಾ ನಮ್ಮೂರೋನು!" ಎಂದು ಯಾರೋ ಕೂಗಿದರು. ಪಕ್ಕಕ್ಕೆ ತಿರುಗಿ ನೋಡಿದೆ. ನಮ್ಮಪ್ಪ ನಗುತ್ತಿದ್ದ! ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದ.

ಎಲ್ಲರೂ ಖುಷಿಪಡಬೇಕಾದ ಗಳಿಗೆ. ನನಗೆ ಮಾತ್ರ ಎದೆ ಧಸಕ್ಕೆಂದಿತು. ಏಕೆಂದರೆ ಆ ತೆರೆಯ ಮೇಲಿದ್ದ ಹಲ್ಲು ನನ್ನ ಬಾಯಲ್ಲೂ ಇತ್ತು.

ಮಾರನೇ ದಿನದಿಂದ ಶಾಲೆಯಲ್ಲಿ ನನ್ನ ಹೆಸರು ಹೋಯಿತು. ಹಲ್ಲು ಮತ್ತು ರಾಜು ಸೇರಿ 'ಹಲ್ರಾಜ' ಆದೆ. ನಾಟಕದ ದಿನ ನನಗೆ ಮಂತ್ರಿ ಪಾರ್ಟು ಕೊಟ್ಟಿದ್ದರು. ರಂಗದ ಮೇಲೆ ಹೋಗಿ ನಿಂತೆ. ಬಾಯಿ ಬಿಡುವ ಮೊದಲೇ ಜನ ನಕ್ಕರು. ಮುಂದಿನ ಸಾಲಿನಲ್ಲಿದ್ದ ಒಬ್ಬ ಮೇಷ್ಟ್ರೂ ನಕ್ಕರು. ನನಗೆ ಮಾತು ಮರೆತುಹೋಯಿತು. ಓಡಿಬಂದೆ. ಅಲ್ಲಿಂದಾಚೆಗೆ ನಾನು ಬಾಯಿ ಮುಚ್ಚಿಯೇ ನಗುವುದನ್ನು ಕಲಿತೆ. ಎಸ್ಸೆಸ್ಸೆಲ್ಸಿ ಗ್ರೂಪ್ ಫೋಟೋದಲ್ಲಿ ಹಲ್ಲುನೋವಿನವನ ಹಾಗೆ ತುಟಿ ಬಿಗಿದುಕೊಂಡು ನಿಂತವನು ನಾನೇ.

1979ರಲ್ಲಿ ನರಸಿಂಹರಾಜು ತೀರಿಕೊಂಡರು. ಅರವತ್ತೂ ಆಗಿರಲಿಲ್ಲ. ಆ ದಿನ ಅಪ್ಪ ರಾತ್ರಿ ಊಟಕ್ಕೆ ಏಳಲಿಲ್ಲ. ಹದಿನೆಂಟರ ಹುಡುಗ ನಾನು, ಮನಸ್ಸಿನಲ್ಲೇ ಅಂದುಕೊಂಡೆ: 'ಇನ್ನಾದರೂ ಆ ಹೆಸರು ಹೋಗುತ್ತೆ.' ಇಂಥ ಮಾತು ಬರೆಯಲು ಈಗ ನಾಚಿಕೆಯಾಗುತ್ತದೆ. ಆದರೂ ಅಂದುಕೊಂಡದ್ದು ನಿಜ.

ಹೆಸರು ಹೋಗಲಿಲ್ಲ. 1983ರಲ್ಲಿ ನಾನೇ ಊರು ಬಿಟ್ಟು ಹೋದೆ. ಮೂರು ವರ್ಷಕ್ಕೆ ಹಲ್ಲು ಕೀಳಿಸಿ, ಹಬ್ಬಕ್ಕೆ ಊರಿಗೆ ಬಂದೆ. ಅಪ್ಪ ನನ್ನ ಮುಖ ನೋಡಿದ. "ಕಟ್ಟಿಸ್ಕೊಂಡ್ಯಾ? ಚೆಂದಾಗೈತೆ" ಎಂದ. ಮತ್ತೆ ಆ ಮಾತು ಎತ್ತಲಿಲ್ಲ. ಮುಖವನ್ನೂ ಸರಿಯಾಗಿ ನೋಡಲಿಲ್ಲ ಎಂದು ನನಗನ್ನಿಸಿತು. 1998ರಲ್ಲಿ ಅಪ್ಪನೂ ಹೋದ.

ಇಷ್ಟು ಹೊತ್ತುಕೊಂಡು ನಾನು ತಿಪಟೂರಿನ ಬಸ್ ಹತ್ತಿದೆ.

ಬ್ಯಾನರಿನ ಜಗಳ

ಊರಿಗೆ ಇಳಿದ ಕೂಡಲೇ ಮೊದಲ ರಾಮಾಯಣ ಶುರುವಾಯಿತು. ಭವನದ ಮುಂದೆ ಕಟ್ಟಿದ್ದ ಫ್ಲೆಕ್ಸ್ ನೋಡಿದೆ. ಇಪ್ಪತ್ತು ಅಡಿ ಉದ್ದ. ನಡುವೆ ಅಣ್ಣಾವ್ರು, ಕಿರೀಟ ಇಟ್ಟುಕೊಂಡು ಝಗಝಗಿಸುತ್ತಿದ್ದಾರೆ. ನರಸಿಂಹರಾಜು ಎಲ್ಲಪ್ಪಾ ಎಂದು ಹುಡುಕಿದರೆ, ಮದುವೆ ಫೋಟೋಗೆ ಅಡ್ಡ ಬಂದ ದೂರದ ನೆಂಟನ ಹಾಗೆ ಮೂಲೆಯಲ್ಲಿ ಅಂಗೈಯಗಲ!

"ಏನ್ರಪ್ಪಾ, ಇದು ಯಾರ ಹಬ್ಬ?" ಎಂದೆ.

"ನರಸಿಂಹರಾಜು ಅವರ್ದೇ ಅಂಕಲ್. ಆದ್ರೆ ಅಣ್ಣಾವ್ರ ಫೋಟೋ ದೊಡ್ಡದಾಗಿ ಇಲ್ದಿದ್ರೆ ಜನ ಬರಲ್ಲ. ಕಾಮಿಡಿಯನ್ ಮುಖ ನೋಡಿ ಯಾರ್ ಬರ್ತಾರೆ ಹೇಳಿ?"

ಮಿತ್ರರೆ, ನಾನೂ ಅಣ್ಣಾವ್ರ ಭಕ್ತನೇ. 'ಬಂಗಾರದ ಮನುಷ್ಯ' ಹನ್ನೊಂದು ಸಲ ನೋಡಿದ ಪ್ರಾಣಿ. ಆದರೂ ಆ ಮಾತು ಯಾಕೋ ಚುಚ್ಚಿತು. ಯಾವ ಹೆಸರು ಕೇಳಿದರೆ ನನಗೆ ಮೈ ಉರಿಯುತ್ತಿತ್ತೋ, ಅದೇ ಹೆಸರಿಗಾಗಿ ನಾನು ಬೀದಿಯಲ್ಲಿ ನಿಂತು ಜಗಳ ಆಡುತ್ತಿದ್ದೆ! ಟೆಂಟಿನ ಕಾಲದಲ್ಲಿ ನಮ್ಮೂರ ಜನ ಟಿಕೆಟ್ ಕಿಂಡಿಗೆ ಬಾಯಿಟ್ಟು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ನರಸಿಂಹರಾಜು ಅವ್ನಾ?" ಇದ್ದಾನೆ ಎಂದರೆ ಮಾತ್ರ ಕಾಸು ಒಳಗೆ ಹೋಗುತ್ತಿತ್ತು. ಅದನ್ನು ಹೇಳಿದೆ. ಹುಡುಗರು ನಂಬಲಿಲ್ಲ.

ಜಗಳ ಬಿಡಿಸಿದ್ದು ಎಂಬತ್ತೈದು ದಾಟಿದ ಒಬ್ಬ ಹಳೆಯ ಹಮಾಲಿ. ಅಪ್ಪನ ಜೊತೆಗಾರ. ಚಿಕ್ಕಂದಿನಿಂದ ನಾನು ಅವರನ್ನು ದೊಡ್ಡಪ್ಪ ಎಂದೇ ಕರೆಯುವುದು. ಕೋಲೂರಿಕೊಂಡು ಬಂದು ಫ್ಲೆಕ್ಸನ್ನು ಮೇಲಿಂದ ಕೆಳಗೆ ನೋಡಿದರು. "ರಾಜ್‌ಕುಮಾರ್ ಇವತ್ತು ಇದ್ದಿದ್ರೆ ಅವ್ರೇ ಪಕ್ಕಕ್ಕೆ ಸರ್ದು ಜಾಗ ಬಿಡ್ತಿದ್ರು ಕಣ್ರಲಾ" ಎಂದರು. ಅಷ್ಟೇ. ಹುಡುಗರು ತಲೆ ಕೆರೆದುಕೊಂಡರು. ಸಂಜೆಯೊಳಗೆ ಹೊಸ ಫ್ಲೆಕ್ಸ್ ಬಂತು. ಅರ್ಧ ದುಡ್ಡು ನನ್ನದು. ನಡುವೆ ನರಸಿಂಹರಾಜು, ಪಕ್ಕದಲ್ಲಿ ನಗುತ್ತಾ ಅಣ್ಣಾವ್ರು. ಯಾರಿಗೂ ಅವಮಾನವಾಗಲಿಲ್ಲ.

ನಲವತ್ತೊಂದು ಜನ

ಮೊದಲ ದಿನ 'ಬೇಡರ ಕಣ್ಣಪ್ಪ'. 1954ರ ಚಿತ್ರ, ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನ. ಮುತ್ತುರಾಜ ರಾಜ್‌ಕುಮಾರ್ ಆದದ್ದು ಇದರಲ್ಲಿ, ನರಸಿಂಹರಾಜು ಬೆಳ್ಳಿತೆರೆಗೆ ಬಂದದ್ದೂ ಇದರಲ್ಲೇ.

ಮುನ್ನೂರು ಕುರ್ಚಿ ಹಾಕಿದ್ದರು. ಬಂದವರು ನಲವತ್ತೊಂದು ಜನ. ನಾನೇ ಎಣಿಸಿದೆ. ಅದರಲ್ಲಿ ಹತ್ತು ಜನ ವ್ಯವಸ್ಥಾಪಕರು ಮತ್ತು ಅವರ ತಮ್ಮಂದಿರು. ರೀಲು ಎಲ್ಲಿಂದ ತರುವುದು? ಕಂಪ್ಯೂಟರಿನಿಂದ ಪರದೆಗೆ ಬಿಟ್ಟರು. ಚಿತ್ರದ ಮೇಲೆಲ್ಲ ಮಳೆ ಸುರಿದ ಹಾಗೆ ಗೆರೆ. ಹಿಂದಿನ ಸಾಲಿನ ಹುಡುಗರು ಮೊಬೈಲ್ ತೆಗೆದರು.

ನನ್ನ ನಾಕು ಮಾತಿನ ಸರದಿ ಬಂದಾಗ ನಾನು ಹೇಳಿದ್ದು ಇಷ್ಟು. ತುಮಕೂರಿನಿಂದ ಅರಸೀಕೆರೆ ಕಡೆಗೆ ಹೋಗುವ ರೈಲು ಹತ್ತಿ. ಮೊದಲು ಗುಬ್ಬಿ ಸಿಗುತ್ತದೆ. ಅದು ನಾಟಕರತ್ನ ವೀರಣ್ಣನವರ ಊರು. ಮುಂದೆ ತಿಪಟೂರು. ಚಿಕ್ಕ ಹುಡುಗನಾಗಿದ್ದಾಗಲೇ ನಾಟಕ ಕಂಪನಿ ಸೇರಿದ ನರಸಿಂಹರಾಜು ಅವರ ಊರು. ಇನ್ನೂ ಮುಂದೆ ಹೋದರೆ ಅರಸೀಕೆರೆ, ಅಲ್ಲಿಯವರು ಬಾಲಕೃಷ್ಣ. ಒಂದೇ ರೈಲು ಹಳಿಯ ಮೇಲೆ ಮೂರು ಊರು, ಮೂವರು ಮಹಾನುಭಾವರು! ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ನರಸಿಂಹರಾಜು ಅವರಿಗೆ ಹೀರೋ ಮುಖ ಇರಲಿಲ್ಲ. ಆದರೂ ಕನ್ನಡಿಗರು ಈ ಜೋಡಿಗಾಗಿ ಕಾದು ಕೂರುತ್ತಿದ್ದರು.

ಹೇಳುವಾಗ ಮಾತು ಸರಾಗವಾಗಿ ಬಂತು. ಕೂತ ಮೇಲೆ ಮಾತ್ರ ನನಗೇ ಒಂದು ಪ್ರಶ್ನೆ ಕಚ್ಚಿತು. ಯಾಕೆ ಕಾದು ಕೂರುತ್ತಿದ್ದರು? ಹಲ್ಲು ನೋಡುವುದಕ್ಕಾ?

ನರಸಿಂಹರಾಜು ತೆರೆಗೆ ಬಂದಾಗ ಮೊದಲು ನಕ್ಕದ್ದು ಮುಂದಿನ ಸಾಲಿನ ಮುದುಕಿಯರು. ಮೊಬೈಲ್ ಹುಡುಗರು ತಲೆ ಎತ್ತಿ ನೋಡಿದರು. ಸ್ವಲ್ಪ ಹೊತ್ತಿಗೆ ಒಬ್ಬ ನಕ್ಕ. ಆಮೇಲೆ ಇನ್ನೊಬ್ಬ. ನಾನು ಈ ಸಲ ತೆರೆ ನೋಡಲಿಲ್ಲ, ನಗುವವರನ್ನು ನೋಡಿದೆ.

ಕತ್ತಲಲ್ಲಿ ಕೇಳಿದ ಮಾತು

ಎರಡನೇ ದಿನ 1960ರ 'ರಣಧೀರ ಕಂಠೀರವ'. ಈ ಚಿತ್ರದ ಹಿಂದಿನ ಕಥೆ ಇಂದಿನ ಅಭಿಮಾನಿಗಳು ತಿಳಿದಿರಬೇಕು. ಆಗ ಕನ್ನಡ ಚಿತ್ರಗಳು ಹೆಚ್ಚಾಗಿ ತಯಾರಾಗುತ್ತಿದ್ದದ್ದು ಮದರಾಸಿನ ಸ್ಟುಡಿಯೋಗಳಲ್ಲಿ. ನಮ್ಮ ಕಲಾವಿದರಿಗೆ ಕೈತುಂಬ ಕೆಲಸವಿರಲಿಲ್ಲ. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ನಾಲ್ವರೂ ಸೇರಿ ಈ ಚಿತ್ರ ತಯಾರಿಸಿದರು. ನಗಿಸುವವನು ಎಂದು ನಾವು ಮೂಲೆಗೆ ಹಾಕಿದ ಮನುಷ್ಯ, ಕನ್ನಡ ಚಿತ್ರ ಬದುಕಲಿ ಎಂದು ತಾನೂ ಹೆಗಲು ಕೊಟ್ಟವನು.

ಆ ದಿನ ನೂರಿಪ್ಪತ್ತು ಜನ ಬಂದಿದ್ದರು. ಅರ್ಧ ಚಿತ್ರಕ್ಕೆ ಸರಿಯಾಗಿ ಕರೆಂಟು ಹೋಯಿತು! ಜನರೇಟರ್ ತರಲು ಹುಡುಗರು ಓಡಿದರು. ನಲವತ್ತು ನಿಮಿಷ ಕತ್ತಲು. ಎದ್ದು ಹೋಗುತ್ತಾರೆ ಎಂದುಕೊಂಡೆ. ಆದರೆ ಕತ್ತಲಲ್ಲಿ ಮುದುಕರು ಒಬ್ಬೊಬ್ಬರಾಗಿ ಹಳೇ ಚಿತ್ರಗಳ ಮಾತುಗಳನ್ನು ಒಪ್ಪಿಸತೊಡಗಿದರು. ಹುಡುಗರು ಕೇಕೆ ಹಾಕಿದರು. ದೊಡ್ಡಪ್ಪ ನನ್ನ ಪಕ್ಕದಲ್ಲೇ ಕೂತಿದ್ದರು. ಮುಖ ಕಾಣದ ಕತ್ತಲು ಧೈರ್ಯ ಕೊಟ್ಟಿತೋ ಏನೋ, ಐವತ್ತು ವರ್ಷದ ಪ್ರಶ್ನೆ ಬಾಯಿಗೆ ಬಂದುಬಿಟ್ಟಿತು.

"ದೊಡ್ಡಪ್ಪ, ನಮ್ಮಪ್ಪ ಆ ಹಲ್ಲು ನೋಡಿ ಅಷ್ಟೊಂದು ನಗ್ತಿದ್ನಲ್ಲ. ಮನೇಲಿ ನನ್ನ ನೋಡಿದಾಗ್ಲೂ ಒಳಗೊಳಗೇ ನಗು ಬರ್ತಿತ್ತೇನೋ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹುಚ್ಚಪ್ಪ! ಹಲ್ಲು ನೋಡಿ ಯಾವನ್ಲಾ ಮೂರು ತಾಸು ನಗ್ತಾನೆ? ದಿನಾ ನೂರಾರು ಮೂಟೆ ಹೊರ್ತಿದ್ವಿ. ರಾತ್ರಿ ಮಗ್ಗುಲು ತಿರುಗೋಕೆ ಆಗ್ತಿರ್ಲಿಲ್ಲ. ನಿಮ್ಮಪ್ಪ ಏನಂತಿದ್ದ ಗೊತ್ತಾ? 'ನರಸಿಂಹರಾಜು ತೆರೆ ಮೇಲಿರೋವಷ್ಟು ಹೊತ್ತು ನಂಗೆ ಬೆನ್ನು ಐತೆ ಅನ್ನೋದೇ ನೆನಪಿರಕಿಲ್ಲ' ಅಂತಿದ್ದ. ನೀನು ಹಲ್ಲು ಕೀಳಿಸ್ಕೊಂಡು ಬಂದಾಗ ಮಂಡಿಗೆ ಬಂದು ಒಂದೇ ಮಾತು ಅಂದ. 'ಅವು ನಮ್ಮವ್ವನ ಹಲ್ಲು ಇದ್ದಂಗಿದ್ವು. ಹುಡುಗನಿಗೆ ಎಷ್ಟು ನೋವಾಗಿತ್ತೋ ನಂಗೆ ತಿಳೀಲೇ ಇಲ್ಲ' ಅಂತ."

ಕರೆಂಟು ಬಂತು. ಅಷ್ಟು ಬೇಗ ಬರಬಾರದಿತ್ತು. ಕರವಸ್ತ್ರ ತೆಗೆದು ಬೆವರು ಒರೆಸಿಕೊಂಡ ಹಾಗೆ ಮಾಡಿದೆ.

ಕಾಯಿಚೂರಿನ ಹಲ್ಲು

ಮೂರನೇ ದಿನ 'ಸತ್ಯ ಹರಿಶ್ಚಂದ್ರ'. 1965ರ ಹುಣಸೂರು ಕೃಷ್ಣಮೂರ್ತಿ ಅವರ ಚಿತ್ರ, 2008ರಲ್ಲಿ ಬಣ್ಣ ತುಂಬಿಸಿ ಮತ್ತೆ ಬಿಡುಗಡೆ ಮಾಡಿದರಲ್ಲ, ಅದೇ. ಬಣ್ಣದ್ದು ಹಾಕಬೇಕೋ ಕಪ್ಪುಬಿಳುಪು ಹಾಕಬೇಕೋ ಎಂದು ಮತ್ತೊಂದು ಸಣ್ಣ ಕುರುಕ್ಷೇತ್ರ ನಡೆದು, ಬಣ್ಣದ್ದೇ ಗೆದ್ದಿತು. ಹೌಸ್‌ಫುಲ್, ಸ್ವಾಮಿ! ಕಿಟಕಿಯಲ್ಲೂ ಜನ.

ಚಿತ್ರಕ್ಕೆ ಮುಂಚೆ ಹುಡುಗರಿಗೆ ಅನುಕರಣೆ ಸ್ಪರ್ಧೆ. ಒಂಬತ್ತು ಜನ ಹೆಸರು ಕೊಟ್ಟಿದ್ದರು. ತೆಂಗಿನ ಊರಲ್ಲವೆ, ಹಸಿಕಾಯಿ ಚೂರನ್ನು ಚಾಕುವಿನಲ್ಲಿ ಹಲ್ಲಿನ ಹಾಗೆ ಕೆತ್ತಿ ತುಟಿಗೆ ಸಿಕ್ಕಿಸಿಕೊಂಡು ಬಂದರು! ಒಬ್ಬೊಬ್ಬನು ಬಂದಾಗಲೂ ಜನ ಹೋ ಎಂದು ನಕ್ಕರು. ಆದರೆ ಅರ್ಧ ನಿಮಿಷಕ್ಕೆ ನಗು ಆರಿಹೋಗುತ್ತಿತ್ತು. ಪಾಪ, ಹುಡುಗರು ಮತ್ತೆ ಮತ್ತೆ ಹಲ್ಲು ತೋರಿಸುವರು, ಜನ ಆಕಳಿಸುವರು. ಒಬ್ಬನಂತೂ ಮಾತಿನ ಮಧ್ಯೆ ತನ್ನ ಹಲ್ಲನ್ನೇ ಅಗಿದು ನುಂಗಿಬಿಟ್ಟ!

ಕೊನೆಗೆ ಬಂದವನಿಗೆ ಹದಿಮೂರೋ ಹದಿನಾಲ್ಕೋ. ಅವನ ಬಾಯಲ್ಲಿ ಕಾಯಿಚೂರು ಇರಲಿಲ್ಲ. ಬೇಕಾಗಿರಲಿಲ್ಲ. ದೇವರು ಕೊಟ್ಟಿದ್ದೇ ಇತ್ತು.

ಅವನು ಬಾಯಿ ಬಿಡುವ ಮೊದಲೇ ಜನ ನಕ್ಕರು. ನನ್ನ ಕಾಲು ತಣ್ಣಗಾಯಿತು. ಐವತ್ತು ವರ್ಷ ಹಿಂದೆ ಇದೇ ಊರಿನಲ್ಲಿ ಇದೇ ನಗುವಿಗೆ ನಾನು ಓಡಿಬಂದಿದ್ದೆ. 'ಓಡಬೇಡ ಕಣೋ' ಎಂದು ಒಳಗೇ ಕೂಗಿದೆ.

ಅವನು ಓಡಲಿಲ್ಲ. ಮಾತೂ ಆಡಲಿಲ್ಲ. ಸುಮ್ಮನೆ ನಿಂತ. ಜನ ನಕ್ಕು ಮುಗಿಸಲಿ ಎಂದು ಕಾದ. ಆಮೇಲೆ ನಗುವವರನ್ನು ಈ ಮೂಲೆಯಿಂದ ಆ ಮೂಲೆಯವರೆಗೆ ನಿಧಾನವಾಗಿ ನೋಡಿ, 'ಇವರಿಗೆಲ್ಲ ಏನಾಗಿದೆ?' ಎಂಬಂತೆ ಹುಬ್ಬು ಏರಿಸಿದ. ಜನ ಎರಡನೇ ಸಲ ನಕ್ಕರು. ಈ ನಗುವೇ ಬೇರೆ! ಮೊದಲನೆಯದು ಅವನ ಹಲ್ಲಿಗೆ ಬಿದ್ದದ್ದು, ಇದು ಅವನು ಸಂಪಾದಿಸಿದ್ದು. ಆಮೇಲೆ ಐದು ನಿಮಿಷ ಅವನು ಹೇಳಿದ ಕಡೆಯೆಲ್ಲ ಭವನ ನಕ್ಕಿತು, ಅವನು ತಡೆದ ಕಡೆ ಉಸಿರು ಹಿಡಿಯಿತು.

ಆಮೇಲೆ ದೀಪ ಆರಿಸಿ ಚಿತ್ರ ಹಾಕಿದರು. ನಕ್ಷತ್ರಿಕ ಬಂದ. ಈ ಸಲ ನಾನು ಹಲ್ಲು ನೋಡಲಿಲ್ಲ. ಎದುರಿನವನ ಮಾತು ಮುಗಿಯುವ ತನಕ ಆ ಕಣ್ಣು ಏನು ಮಾಡುತ್ತದೆ ಎಂದು ನೋಡಿದೆ. ಯಾವ ಮಾತನ್ನು ಬೇಗ ಬಿಡುತ್ತಾರೆ, ಯಾವುದನ್ನು ಒಂದು ಗಳಿಗೆ ಹಿಡಿದಿಟ್ಟುಕೊಳ್ಳುತ್ತಾರೆ ಎಂದು ಕೇಳಿದೆ. ನಾಟಕ ಕಂಪನಿಯಲ್ಲಿ ಸವೆದು ಬಂದ ವಿದ್ಯೆ ಅದು. ಹಲ್ಲು ಒಂದೇ ಆಗಿದ್ದರೆ ನಗು ಅರ್ಧ ನಿಮಿಷಕ್ಕೆ ಮುಗಿಯುತ್ತಿತ್ತು. ಈ ಮನುಷ್ಯ 1954ರಿಂದ 1979ರವರೆಗೆ, ಇಪ್ಪತ್ತೈದು ವರ್ಷ ಕನ್ನಡಿಗರನ್ನು ನಗಿಸಿದರು! 1974ರಲ್ಲಿ 'ಪ್ರೊಫೆಸರ್ ಹುಚ್ಚೂರಾಯ' ತಯಾರಿಸಿ ತಾವೇ ಹೀರೋ ಆಗಿ ನಿಂತರು. ಕನ್ನಡಿ ನೋಡಿಕೊಂಡು ನಾಚಿದವರು ಹಾಗೆ ನಿಲ್ಲುತ್ತಾರೆಯೇ?

ಇದು ತಿಳಿಯಲು ನನಗೆ ಅರವತ್ತೆರಡು ವರ್ಷ ಬೇಕಾಯಿತು, ಮಿತ್ರರೆ. ಮೂಗು ಸೊಟ್ಟ, ಮೈ ಕಪ್ಪು, ಕುಳ್ಳ, ಸಣಕಲ ಎಂದು ಕನ್ನಡಿಯ ಮುಂದೆ ಹಲುಬುವ ತಮ್ಮಂದಿರು ಈ ಪತ್ರಿಕೆಯ ಓದುಗರಲ್ಲಿ ಎಷ್ಟು ಜನ ಇದ್ದೀರೋ. ನಿಮಗಾದರೂ ಬೇಗ ತಿಳಿಯಲಿ ಎಂದು ಇಷ್ಟು ಬರೆದೆ.

ಬಸ್ ಸ್ಟ್ಯಾಂಡಿನಲ್ಲಿ

ಬಹುಮಾನ ಆ ಹುಡುಗನಿಗೇ ಬಂತು. ಐನೂರ ಒಂದು ರೂಪಾಯಿ ಮತ್ತು ಒಂದು ತೆಂಗಿನ ಸಸಿ. ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಸಸಿಯನ್ನು ಮಗುವಿನ ಹಾಗೆ ತಬ್ಬಿಕೊಂಡು ಹಳ್ಳಿ ಬಸ್ಸಿಗೆ ಕಾಯುತ್ತಿದ್ದ. ನಾನು ಬೆಂಗಳೂರು ಬಸ್ಸಿಗೆ. ಹತ್ತಿರ ಹೋಗಿ ಮಾತಾಡಿಸಿದೆ.

"ಸರ್, ಒಂದ್ ಮಾತು ಕೇಳ್ಲಾ? ನಮ್ಮವ್ವ ಹಲ್ಲಿಗೆ ತಂತಿ ಹಾಕಿಸ್ತೀನಿ ಅಂತಾಳೆ. ಹಾಕಿಸ್ಕೊಂಡ್ರೆ ಆಮೇಲೆ ನನ್ ಕೈಲಿ ನಗ್ಸೋಕೆ ಆಗುತ್ತಾ?"

ಏನು ಹೇಳಲಿ? ಭಾಷಣ ಬಿಗಿಯಲು ಬಾಯಿ ತೆರೆದೆ, ಬೇಡವೆನಿಸಿತು. "ತಿನ್ನೋಕೆ ತೊಂದ್ರೆ ಆಗಿದ್ರೆ ಹಾಕಿಸ್ಕೋ ಮಗಾ. ಯಾರೋ ನಗ್ತಾರೆ ಅಂತ ಮಾತ್ರ ಬೇಡ. ನೀನು ನಗಿಸಿದ್ದು ಹಲ್ಲಿಂದಲ್ಲ, ಅದು ಎಲ್ಲೂ ಹೋಗಲ್ಲ" ಎಂದೆ.

"ನಿಮಗೇನು ಸರ್, ನಿಮ್ ಹಲ್ಲು ಸಾಲಾಗಿ ಚೆಂದಾಗವೆ. ನಿಮಗೆ ಹೆಂಗ್ ಗೊತ್ತಾಗುತ್ತೆ?" ಎಂದ.

ಸುತ್ತ ನೋಡಿದೆ. ನಾಲ್ಕಾರು ಪ್ರಯಾಣಿಕರು, ಕಡ್ಲೆಕಾಯಿ ಮಾರುವವಳು. 1986ರಿಂದ ಮನೆಯವರಲ್ಲದೆ ಯಾರೂ ಕಾಣದ ಗುಟ್ಟು. ನಾಲಿಗೆಯಿಂದ ಒತ್ತಿ, ಎರಡು ಹಲ್ಲನ್ನೂ ಕಳಚಿ ಅಂಗೈ ಮೇಲಿಟ್ಟು ಅವನ ಮುಂದೆ ಹಿಡಿದೆ. ಬೊಚ್ಚುಬಾಯಿ ಅಗಲಿಸಿದೆ.

ಹುಡುಗ ಒಂದು ಕ್ಷಣ ಕಣ್ಣು ಕಣ್ಣು ಬಿಟ್ಟ. ಆಮೇಲೆ ಸಸಿ ಕೈಜಾರುವ ಹಾಗೆ ನಕ್ಕ. ಕಡ್ಲೆಕಾಯಿಯವಳೂ ನಕ್ಕಳು. ನಾನು ಸುಮ್ಮನೆ ನಿಂತೆ. ಅವರು ಮುಗಿಸಲಿ ಎಂದು ಕಾದೆ. ಆಮೇಲೆ ನಿಧಾನವಾಗಿ ಆಕೆಯ ಕಡೆ ತಿರುಗಿ, ಹಲ್ಲನ್ನು ಮುಂದೆ ಚಾಚಿ, "ಇವಕ್ಕೆ ಹತ್ತು ರೂಪಾಯಿ ಕಡ್ಲೆಕಾಯಿ ಕೊಡವ್ವಾ" ಎಂದೆ.

ಎರಡನೇ ನಗು ಬಂತು!